ಸ್ಥಿರಾಸ್ತಿ ದಲ್ಲಾಳಿ

ಮನೆ, ನಿವೇಶನ, ಫ್ಲ್ಯಾಟ್ ಮೊದಲಾದ ಸ್ಥಿರಾಸ್ತಿಗಳನ್ನು ಮಾರುವವರನ್ನೂ ಕೊಳ್ಳುವವರನ್ನೂ ಒಂದೆಡೆ ಸೇರಿಸಿ, ಬೆಲೆಯ ಮಾತುಕತೆ ನಡೆಸಿ, ವ್ಯವಹಾರ ಕುದುರಿದಾಗ ಪ್ರತಿಫಲವಾಗಿ ಕಮಿಷನ್ ಪಡೆಯುವ ವ್ಯಕ್ತಿ ಅಥವಾ ಸಂಸ್ಥೆಗೆ ಸ್ಥಿರಾಸ್ತಿ ದಲ್ಲಾಳಿ ಎನ್ನುತ್ತಾರೆ. ಆಸ್ತಿಯೂ ದಲ್ಲಾಳಿಯದಲ್ಲ, ಹಣವೂ ದಲ್ಲಾಳಿಯದಲ್ಲ. ಕ್ರಯಪತ್ರದಲ್ಲಿ ದಲ್ಲಾಳಿಯ ಹೆಸರು ಕಾಣಿಸಿದರೂ ಅದು ಸಾಕ್ಷಿಗಳ ಸಾಲಿನಲ್ಲಿ. ಹೀಗಿದ್ದರೂ ಯಾವ ಮನೆ ನೋಡಬೇಕು, ಎಷ್ಟಕ್ಕೆ ಕೇಳಬೇಕು, ಯಾವಾಗ ಮುಂಗಡ ಕೊಡಬೇಕು ಎಂಬ ಮೂರು ತೀರ್ಮಾನಗಳ ಮೇಲೂ ದಲ್ಲಾಳಿಯ ಮಾತಿನ ಪ್ರಭಾವ ದೊಡ್ಡದು. ಈ ಲೇಖನ ಮುಖ್ಯವಾಗಿ ಕರ್ನಾಟಕದ, ಅದರಲ್ಲೂ ಬೆಂಗಳೂರಿನ ಮನೆ ಖರೀದಿಯಲ್ಲಿ ದಲ್ಲಾಳಿಯ ಪಾತ್ರವನ್ನು ವಿವರಿಸುತ್ತದೆ.

ಪದ ಮತ್ತು ಪರಿಭಾಷೆ

‘ದಲ್ಲಾಳಿ’ ಶಬ್ದದ ಮೂಲ ಅರಬ್ಬಿಯ ‘ದಲ್ಲಾಲ್’. ಪಾರ್ಸಿ, ಹಿಂದೂಸ್ತಾನಿಗಳ ದಾರಿಯಲ್ಲಿ ಕನ್ನಡಕ್ಕೆ ಬಂದ ಈ ಪದ ದಲ್ಲಾಳಿ, ದಳ್ಳಾಳಿ, ದಲಾಲ ಎಂಬ ರೂಪಗಳಲ್ಲಿ ಬಳಕೆಯಲ್ಲಿದೆ. ಉತ್ತರ ಕರ್ನಾಟಕದಲ್ಲಿ ‘ದಲಾಲಿ ಅಂಗಡಿ’ ಎಂದರೆ ಮೊದಲು ನೆನಪಾಗುವುದು ಎಪಿಎಂಸಿ ಮಾರುಕಟ್ಟೆ. ಮನೆ, ಸೈಟುಗಳ ವಿಷಯಕ್ಕೆ ಬಂದರೆ ರಾಜ್ಯದುದ್ದಕ್ಕೂ ಜನ ಹೇಳುವುದು ‘ಬ್ರೋಕರ್’ ಎಂದೇ. ವಿಸಿಟಿಂಗ್ ಕಾರ್ಡಿನ ಮೇಲೆ ಅದೇ ವ್ಯಕ್ತಿ ‘ಪ್ರಾಪರ್ಟಿ ಕನ್ಸಲ್ಟೆಂಟ್’, ‘ರಿಯಲ್ಟರ್’ ಅಥವಾ ‘ಚಾನೆಲ್ ಪಾರ್ಟ್‌ನರ್’ ಆಗಿರಬಹುದು. ಹೆಸರು ಬದಲಾದ ಮಾತ್ರಕ್ಕೆ ಕಾನೂನಿನ ಹೊಣೆ ಬದಲಾಗುವುದಿಲ್ಲ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ, ತನ್ನ ‘ರಿಯಲ್ ಎಸ್ಟೇಟ್ ಏಜೆಂಟ್’ ವ್ಯಾಖ್ಯೆಯಲ್ಲಿ ಬ್ರೋಕರ್, ಡೀಲರ್, ಮಧ್ಯವರ್ತಿ, ಯಾವ ಹೆಸರಿನಿಂದ ಕರೆಸಿಕೊಂಡರೂ ಎಲ್ಲರನ್ನೂ ಸೇರಿಸಿಕೊಂಡಿದೆ.

ಈ ಲೇಖನದಲ್ಲಿ ‘ದಲ್ಲಾಳಿ’ ಎಂಬುದು ಇವರೆಲ್ಲರಿಗೂ ಅನ್ವಯಿಸುವ ಸಾಮಾನ್ಯ ಪದ. ‘ನೋಂದಾಯಿತ ಏಜೆಂಟ್’ ಎಂದರೆ ರೇರಾ ಪ್ರಾಧಿಕಾರದಲ್ಲಿ ಹೆಸರು ದಾಖಲಿಸಿ ಸಂಖ್ಯೆ ಪಡೆದವರು ಮಾತ್ರ. ‘ಪ್ರವರ್ತಕ’ ಎಂದರೆ ಕಟ್ಟಡ ಕಟ್ಟಿ ಅಥವಾ ಬಡಾವಣೆ ಮಾಡಿ ಮಾರುವ ಬಿಲ್ಡರ್, ಡೆವಲಪರ್. ಒಮ್ಮೆ ಮಾರಾಟವಾದ ಮನೆಯನ್ನು ಅದರ ಮಾಲೀಕ ಮತ್ತೆ ಮಾರುವುದು ‘ಮರುಮಾರಾಟ’, ಆಡುಮಾತಿನಲ್ಲಿ ರೀಸೇಲ್. ವೃತ್ತಿಯ ಒಳಗಿನ ಇನ್ನೆರಡು ಮಾತುಗಳು ಕೊಳ್ಳುವವರ ಕಿವಿಗೂ ಬೀಳುತ್ತವೆ. ‘ಪಾರ್ಟಿ’ ಎಂದರೆ ಗಿರಾಕಿ ಅಥವಾ ಮಾಲೀಕ. ‘ಡೈರೆಕ್ಟ್ ಪಾರ್ಟಿ’ ಎಂದರೆ ನಡುವೆ ಇನ್ನೊಬ್ಬ ದಲ್ಲಾಳಿ ಇಲ್ಲ ಎಂಬ ಭರವಸೆ.

ಹಿನ್ನೆಲೆ

ಮನೆ ದಲ್ಲಾಳಿತನ ಪ್ರತ್ಯೇಕ ಕಸುಬಾಗಿ ಬೆಳೆದದ್ದು ನಗರಗಳು ಯೋಜಿತವಾಗಿ ಹರಡತೊಡಗಿದ ಮೇಲೆ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಸುತ್ತಮುತ್ತ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದವು. ಸರ್ಕಾರವೇ ಬಡಾವಣೆ ಮಾಡಿ ಅರ್ಜಿ ಕರೆದು ನಿವೇಶನ ಹಂಚುವಾಗ ದಲ್ಲಾಳಿಗೆ ಕೆಲಸವಿರಬಾರದು. ಆದರೆ ಹಂಚಿಕೆಯ ನಿಯಮವೇ ಕೆಲಸ ಹುಟ್ಟಿಸಿತು. ಬಿಡಿಎ ನಿವೇಶನ ಹತ್ತು ವರ್ಷಗಳ ಗುತ್ತಿಗೆ-ಸಹಿತ-ಮಾರಾಟದ ಕರಾರಿನ ಮೇಲೆ ಸಿಗುತ್ತಿತ್ತು. ಆ ಅವಧಿ ಮುಗಿಯದೆ ಮಾರುವಂತಿರಲಿಲ್ಲ. ಹಣದ ತುರ್ತಿದ್ದವರು ಸಾಮಾನ್ಯ ಅಧಿಕಾರಪತ್ರ, ಅಂದರೆ ಜಿಪಿಎ ಬರೆದುಕೊಟ್ಟು ಕೈ ಬದಲಾಯಿಸಿದರು. ಯಾರು ಕೊಡಲು ಸಿದ್ಧರಿದ್ದಾರೆ, ಯಾರ ಹತ್ತಿರ ಹಣವಿದೆ ಎಂಬುದು ಗೊತ್ತಿದ್ದವರಿಗೆ ಅದೇ ಬಂಡವಾಳವಾಯಿತು. ಜಿಪಿಎಯಿಂದ ಸ್ಥಿರಾಸ್ತಿಯ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದ್ದು 2011ರಲ್ಲಿ. ಅಷ್ಟರೊಳಗೆ ಇಂಥ ಪತ್ರಗಳ ಮೇಲೆಯೇ ಎಷ್ಟೋ ಮನೆಗಳು ಎದ್ದು ನಿಂತಿದ್ದವು.

1980ರ ದಶಕ ಗೃಹನಿರ್ಮಾಣ ಸಹಕಾರ ಸಂಘಗಳ ಕಾಲ. ಸಂಘಗಳು ರೈತರ ಜಮೀನನ್ನು ಸರ್ಕಾರದ ಮೂಲಕ ಸ್ವಾಧೀನಪಡಿಸಿಕೊಂಡು ಸದಸ್ಯರಿಗೆ ನಿವೇಶನ ಮಾಡಿಕೊಡುತ್ತಿದ್ದವು. ನಡುವೆ ನಿಂತ ಮಧ್ಯವರ್ತಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಎಚ್‌ಎಂಟಿ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣ ದಾಖಲಾದ ಉದಾಹರಣೆ. ಭೂಸ್ವಾಧೀನದ ಅಧಿಸೂಚನೆಗಳನ್ನು ಹೊರಡಿಸಿಕೊಡುವ ಹೊಣೆಯನ್ನು ಸಂಘ ಒಬ್ಬ ಏಜೆಂಟರಿಗೆ ಹಣ ಗೊತ್ತುಮಾಡಿ ಒಪ್ಪಿಸಿತ್ತು. ಇಂಥ ಒಪ್ಪಂದದ ಬೆನ್ನಲ್ಲಿ ನಡೆದ ಸ್ವಾಧೀನ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು.

1990ರ ದಶಕದ ನಂತರ ಚಿತ್ರ ಬದಲಾಯಿತು. ಎಲೆಕ್ಟ್ರಾನಿಕ್ಸ್ ಸಿಟಿ, ವೈಟ್‌ಫೀಲ್ಡ್‌ಗಳ ತಂತ್ರಾಂಶ ಕಂಪನಿಗಳು, 2008ರಲ್ಲಿ ದೇವನಹಳ್ಳಿ ಬಳಿ ಆರಂಭವಾದ ವಿಮಾನ ನಿಲ್ದಾಣ, ಹೊರವರ್ತುಲ ರಸ್ತೆ ಇವೆಲ್ಲ ನಗರವನ್ನು ಹಳ್ಳಿಗಳ ಮೇಲೆ ಹಬ್ಬಿಸಿದವು. ಗುಂಟೆ ಲೆಕ್ಕದ ಜಮೀನು ಚದರಡಿ ಲೆಕ್ಕಕ್ಕೆ ಇಳಿಯಿತು. ಒಂದು ಗುಂಟೆಗೆ 1,089 ಚದರಡಿ, ಅಂದರೆ ಒಂದು 30x40 ಸೈಟಿಗೂ ಸ್ವಲ್ಪ ಕಡಿಮೆ. ಯಾವ ಸರ್ವೆ ನಂಬರು ಯಾರ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ಪಾಲು ಆಗಿದೆಯೇ ಎಂಬುದು ಗೊತ್ತಿದ್ದ ಊರಿನವರೇ ಮೊದಲ ತಲೆಮಾರಿನ ದಲ್ಲಾಳಿಗಳಾದರು.

ಕಾನೂನಿನ ಚೌಕಟ್ಟು

ದಲ್ಲಾಳಿಗೂ ಕೆಲಸ ಒಪ್ಪಿಸಿದವರಿಗೂ ನಡುವಿನ ಸಂಬಂಧದ ತಳಹದಿ 1872ರ ಭಾರತೀಯ ಕರಾರು ಕಾಯ್ದೆಯ ಹತ್ತನೇ ಅಧ್ಯಾಯ. ಏಜೆಂಟ್ ತನಗೆ ಒಪ್ಪಿಸಿದವರ ಸೂಚನೆಯಂತೆ ನಡೆಯಬೇಕು (211ನೇ ಕಲಂ), ಕೇಳಿದಾಗ ಲೆಕ್ಕ ಕೊಡಬೇಕು (213), ಒಪ್ಪಿಸಿದವರಿಗೆ ತಿಳಿಸದೆ ಆ ವ್ಯವಹಾರದಲ್ಲಿ ತಾನೇ ಲಾಭ ಮಾಡಿಕೊಂಡರೆ ಅದನ್ನು ಅವರಿಗೆ ಒಪ್ಪಿಸಬೇಕಾಗುತ್ತದೆ (216). ಬೇರೆ ಕರಾರು ಇಲ್ಲದಿದ್ದರೆ ಒಪ್ಪಿಕೊಂಡ ಕೆಲಸ ಮುಗಿಯುವ ತನಕ ಪ್ರತಿಫಲ ಸಲ್ಲುವುದಿಲ್ಲ (219). ದುರ್ನಡತೆ ತೋರಿದ ಭಾಗಕ್ಕೆ ಪ್ರತಿಫಲವೇ ಇಲ್ಲ (220). ಒಂದೂವರೆ ಶತಮಾನದ ಹಿಂದಿನ ಈ ಕಲಂಗಳು ಇಂದಿನ ಕಮಿಷನ್ ಜಗಳಗಳಿಗೆ ಅಳತೆ ಕೊಟ್ಟು ಹೊಲಿಸಿದಂತಿವೆ. ಅವುಗಳನ್ನು ಬಳಸಿಕೊಳ್ಳುವವರು ಮಾತ್ರ ಕಡಿಮೆ.

ಎರಡನೆಯ ಪದರ ರೇರಾ. 2016ರ ಮಾರ್ಚ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ಈ ಕಾಯ್ದೆ 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯನ್ನು ಪ್ರವರ್ತಕ ನೋಂದಾಯಿಸಬೇಕು. ಅಂಥ ಯೋಜನೆಯ ಮನೆ, ನಿವೇಶನ ಮಾರಿಸಿಕೊಡುವ ದಲ್ಲಾಳಿಯೂ 9ನೇ ಕಲಂ ಪ್ರಕಾರ ನೋಂದಾಯಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಇದರ ಶುಲ್ಕ ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ ರೂಪಾಯಿ ಎಂದು ನಿಗದಿಯಾಯಿತು. ನೋಂದಣಿಯ ಅವಧಿ ಐದು ವರ್ಷ.

10ನೇ ಕಲಂ ಏಜೆಂಟರ ಕರ್ತವ್ಯಗಳನ್ನು ಹೇಳುತ್ತದೆ. ನೋಂದಣಿಯಾಗದ ಯೋಜನೆಯನ್ನು ಮಾರಿಸುವಂತಿಲ್ಲ. ಲೆಕ್ಕಪುಸ್ತಕ ಇಡಬೇಕು. ಇಲ್ಲದ ಅನುಮತಿ ಇದೆ, ಬಾರದ ಸೌಲಭ್ಯ ಬರುತ್ತದೆ ಎನ್ನುವಂತಿಲ್ಲ. ಬುಕಿಂಗ್ ಹೊತ್ತಿಗೆ ಕೊಳ್ಳುವವರಿಗೆ ಸಲ್ಲಬೇಕಾದ ಮಾಹಿತಿ, ದಾಖಲೆಗಳು ಸಿಗುವಂತೆ ನೋಡಿಕೊಳ್ಳಬೇಕು. ನೋಂದಣಿ ಇಲ್ಲದೆ ಕೆಲಸ ಮಾಡಿದರೆ ದಿನಕ್ಕೆ 10,000 ರೂಪಾಯಿಯಂತೆ, ಮಾರಿಸಿದ ಆಸ್ತಿಯ ಬೆಲೆಯ ಶೇ 5ರವರೆಗೆ ದಂಡ ಬೀಳಬಹುದು.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಮಿತಿ ಇದೆ. ನೋಂದಣಿಯ ಕಡ್ಡಾಯ ಇರುವುದು ನೋಂದಾಯಿತ ಯೋಜನೆಗಳ ಮಾರಾಟಕ್ಕೆ. ರಾಜಾಜಿನಗರದಲ್ಲಿ ಮೂವತ್ತು ವರ್ಷ ಹಳೆಯ ಸ್ವತಂತ್ರ ಮನೆಯನ್ನು ಮಾಲೀಕರಿಂದ ಕೊಡಿಸುವ ದಲ್ಲಾಳಿ ಈ ಕಡ್ಡಾಯದ ಹೊರಗಿದ್ದಾರೆ. ಬಾಡಿಗೆ, ಭೋಗ್ಯದ ಮನೆ ತೋರಿಸುವವರೂ ಅಷ್ಟೆ, ಏಕೆಂದರೆ ವ್ಯಾಖ್ಯೆ ಮಾರಾಟದ ಮಾತನ್ನಷ್ಟೇ ಆಡುತ್ತದೆ.

ಬಗೆಗಳು

ಬಡಾವಣೆಯ ದಲ್ಲಾಳಿಯೇ ಇವರಲ್ಲಿ ಹಳಬ. ಕಚೇರಿ ಎಂದರೆ ಜೆರಾಕ್ಸ್ ಅಂಗಡಿಯ ಒಂದು ಮೂಲೆ, ಇಲ್ಲವೆ ಮನೆಯ ಮುಂದಿನ ಕೋಣೆ. ವ್ಯಾಪ್ತಿ ಎರಡು ಮೂರು ಕಿಲೋಮೀಟರ್. ಯಾವ ಮನೆಗೆ ಕಾವೇರಿ ನೀರು ಬರುತ್ತದೆ, ಯಾವ ರಸ್ತೆ ಮಳೆಗಾಲದಲ್ಲಿ ತುಂಬುತ್ತದೆ, ಯಾವ ಮನೆಯ ಮಕ್ಕಳು ಅಮೆರಿಕದಲ್ಲಿದ್ದು ಮಾರುವ ಯೋಚನೆಯಲ್ಲಿದ್ದಾರೆ ಎಂಬುದು ಇಂಥವರ ಸರಕು. ಮರುಮಾರಾಟದ ಮನೆಗಳು ಹೆಚ್ಚಾಗಿ ಇವರ ಕೈಯಲ್ಲೇ ಓಡಾಡುತ್ತವೆ.

ಪ್ರವರ್ತಕರ ಪರ ಏಜೆಂಟರು, ಅಂದರೆ ಚಾನೆಲ್ ಪಾರ್ಟ್‌ನರ್‌ಗಳು, ಹೊಸ ಅಪಾರ್ಟ್‌ಮೆಂಟ್‌ಗಳ ಬುಕಿಂಗ್ ತರುತ್ತಾರೆ. ಸೈಟ್ ವಿಸಿಟ್‌ಗೆ ಕಾರು ಕಳಿಸುತ್ತಾರೆ, ಕಮಿಷನ್ ಕೇಳುವುದಿಲ್ಲ. ಕೊಡುವವನು ಪ್ರವರ್ತಕ. ಸೇವೆ ಪುಕ್ಕಟೆ ಎನಿಸಿದರೂ ಅದರ ವೆಚ್ಚ ಮನೆಯ ಬೆಲೆಯಲ್ಲಿ ಸೇರಿಯೇ ಇರುತ್ತದೆ. ಒಬ್ಬರೇ ಏಜೆಂಟ್ ಹತ್ತಾರು ಪ್ರವರ್ತಕರ ಯೋಜನೆ ತೋರಿಸುವಾಗ, ಯಾವುದಕ್ಕೆ ಕಮಿಷನ್ ಹೆಚ್ಚೋ ಅದು ಮೊದಲು ಬರುವ ಸಾಧ್ಯತೆಯೂ ಇರುತ್ತದೆ.

ಮೂರನೆಯದು ಜಾಲತಾಣಗಳು. 99ಏಕರ್ಸ್ 2005ರಲ್ಲಿ, ಮ್ಯಾಜಿಕ್‌ಬ್ರಿಕ್ಸ್ 2006ರಲ್ಲಿ ಶುರುವಾದವು. ಇವು ಮೂಲತಃ ಜಾಹೀರಾತಿನ ಹಲಗೆಗಳು. ಇವುಗಳಲ್ಲಿ ಕಾಣುವ ಪ್ರಕಟಣೆಗಳಲ್ಲಿ ದಲ್ಲಾಳಿಗಳು ಹಾಕಿದವೂ ಬೇಕಾದಷ್ಟು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನೋಬ್ರೋಕರ್ ಹೆಸರಿನಲ್ಲೇ ತನ್ನ ವಾದ ಮಂಡಿಸಿತು. ಮಾಲೀಕ ಮತ್ತು ಗಿರಾಕಿ ನೇರವಾಗಿ ಮಾತಾಡಲಿ, ತಾನು ಕಮಿಷನ್ ಬದಲು ಸೇವಾ ಯೋಜನೆಗಳಿಗೆ ಹಣ ಪಡೆಯುತ್ತೇನೆ ಎಂಬುದು ಅದರ ಕ್ರಮ.

ಕೊಳ್ಳುವವರ ಪರವಾಗಿ ಮಾತ್ರ ದುಡಿಯುವ ದಲ್ಲಾಳಿಗಳು ಕರ್ನಾಟಕದಲ್ಲಿ ವಿರಳ. ಒಬ್ಬರೇ ಎರಡೂ ಕಡೆ ನಿಂತು ಎರಡೂ ಕಡೆ ಕಮಿಷನ್ ಪಡೆಯುವುದೇ ರೂಢಿ. ಹೆಚ್ಚು ಬೆಲೆಗೆ ಮಾರಬೇಕಾದವರನ್ನೂ ಕಡಿಮೆ ಬೆಲೆಗೆ ಕೊಳ್ಳಬೇಕಾದವರನ್ನೂ ಒಬ್ಬರೇ ಪ್ರತಿನಿಧಿಸುವ ಈ ಏರ್ಪಾಡಿನಲ್ಲಿ ದಲ್ಲಾಳಿಯ ಹಿತ ಇರುವುದು ವ್ಯವಹಾರ ಮುಗಿಯುವುದರಲ್ಲಿ, ಬೆಲೆಯಲ್ಲಿ ಅಲ್ಲ.

ಆಯ್ಕೆ

ದಲ್ಲಾಳಿಯನ್ನು ಆರಿಸುವಾಗ ಮೊದಲು ತಿಳಿಯಬೇಕಾದದ್ದು ಅವರು ಯಾರ ಕಡೆಯವರು, ಹಣ ಯಾರಿಂದ ಬರುತ್ತದೆ ಎಂಬುದು. ಮಿಕ್ಕ ಪರಿಶೀಲನೆಗಳು ಇದರ ನಂತರ.

ಹೊಸ ಯೋಜನೆಯಾದರೆ ಎರಡು ಸಂಖ್ಯೆಗಳನ್ನು ಕೇಳಬೇಕು. ಒಂದು ಯೋಜನೆಯದು, ಇನ್ನೊಂದು ಏಜೆಂಟರದು. ಕರ್ನಾಟಕದಲ್ಲಿ ಎರಡೂ ‘ಪಿಆರ್‌ಎಂ/ಕೆಎ/ರೇರಾ’ ಎಂದೇ ಆರಂಭವಾಗುತ್ತವೆ. ನಡುವೆ ‘ಪಿಆರ್’ ಎಂದಿದ್ದರೆ ಅದು ಯೋಜನೆ, ‘ಎಜಿ’ ಎಂದಿದ್ದರೆ ಏಜೆಂಟ್. ಯೋಜನೆಯ ಸಂಖ್ಯೆಯನ್ನೇ ತೋರಿಸಿ ‘ನಮ್ಮದು ರೇರಾ ಅಪ್ರೂವ್ಡ್’ ಎನ್ನುವ ದಲ್ಲಾಳಿ ತಮ್ಮ ನೋಂದಣಿಯ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ಎರಡನ್ನೂ ಪ್ರಾಧಿಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಅಲ್ಲಿ ಯೋಜನೆಯ ನಕ್ಷೆ, ಮುಗಿಸಬೇಕಾದ ದಿನಾಂಕಗಳೂ ಸಿಗುತ್ತವೆ.

ಮರುಮಾರಾಟದಲ್ಲಿ ಇಂಥ ಸಂಖ್ಯೆಯ ಆಸರೆ ಇಲ್ಲ. ಅಲ್ಲಿ ನೋಡುವುದು ಸ್ಥಳಜ್ಞಾನವನ್ನು. ಅದೇ ರಸ್ತೆಯಲ್ಲಿ ಇತ್ತೀಚೆಗೆ ಯಾವ ಮನೆ ಎಷ್ಟಕ್ಕೆ ಹೋಯಿತು ಎಂದು ಕೇಳಿದಾಗ ಬರುವ ಉತ್ತರವನ್ನು ಸ್ವಲ್ಪ ಮಟ್ಟಿಗೆ ತಾಳೆ ನೋಡಲು ದಾರಿಗಳಿವೆ. ನೋಂದಣಿ ಇಲಾಖೆಯ ಮಾರ್ಗಸೂಚಿ ಮೌಲ್ಯ ಸಾರ್ವಜನಿಕ ದಾಖಲೆ. ಪಕ್ಕದ ಆಸ್ತಿಯ ಋಣಭಾರ ಪತ್ರ ತೆಗೆಸಿದರೆ ಅದರಲ್ಲಿ ಕ್ರಯದ ಮೊತ್ತವೂ ನಮೂದಾಗಿರುತ್ತದೆ. ನಿಜವಾಗಿ ಕೈ ಬದಲಿಸಿದ ಹಣ ಅದಕ್ಕಿಂತ ಹೆಚ್ಚಿರಬಹುದು ಎಂಬ ಎಚ್ಚರದೊಡನೆ ಆ ಅಂಕಿಯನ್ನು ಓದಬೇಕು.

ದಲ್ಲಾಳಿ ತೋರಿಸುವ ಮನೆ ಅವರಿಗೇ ಒಪ್ಪಿಸಿದ್ದೋ, ಇನ್ನೊಬ್ಬರಿಂದ ಬಂದದ್ದೋ ಎಂಬುದೂ ಮುಖ್ಯ. ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುವ ಒಂದೇ ಮನೆಯ ಫೋಟೊ ಐದಾರು ಮಂದಿಯ ಕೈ ದಾಟಿ ಬಂದಿರುತ್ತದೆ. ಪ್ರತಿ ಕೈಯಲ್ಲೂ ಪಾಲು ನಿರೀಕ್ಷಿಸುವವರಿರುತ್ತಾರೆ.

ಕೆಲಸದ ಕ್ರಮ

ಕೊಳ್ಳುವವರು ಬೇಕಾದ ಜಾಗ, ಬಜೆಟ್, ಕೋಣೆಗಳ ಸಂಖ್ಯೆ, ಬಾಗಿಲಿನ ದಿಕ್ಕು ಹೇಳುವುದರೊಂದಿಗೆ ವ್ಯವಹಾರ ಶುರುವಾಗುತ್ತದೆ. ಬಾಗಿಲಿನ ದಿಕ್ಕನ್ನು ಕಡೆಗಣಿಸುವಂತಿಲ್ಲ. ಪೂರ್ವ, ಉತ್ತರ ಬಾಗಿಲಿನ ಮನೆಗೆ ದಲ್ಲಾಳಿಗಳು ಹೆಚ್ಚು ಬೆಲೆ ಹೇಳುತ್ತಾರೆ, ದಕ್ಷಿಣ ಬಾಗಿಲಿನದಕ್ಕೆ ಚೌಕಾಸಿಗೆ ಜಾಗವಿರುತ್ತದೆ. ಪಂಚಾಂಗವೂ ಮಾರುಕಟ್ಟೆಯ ಭಾಗವೇ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮುಂಗಡ ಕೊಡಲು ಅನೇಕರು ಹಿಂಜರಿಯುತ್ತಾರೆ. ದಲ್ಲಾಳಿಗಳಿಗೆ ಅವು ಬಿಡುವಿನ ದಿನಗಳು.

ಮನೆ ಒಪ್ಪಿಗೆಯಾದ ಮೇಲೆ ಮಾತುಕತೆ. ಮಾಲೀಕರನ್ನು ಕೊಳ್ಳುವವರಿಗೆ ಭೇಟಿ ಮಾಡಿಸದೆ ಎರಡೂ ಕಡೆಯ ಅಂಕಿಯನ್ನು ತಾವೇ ಹೊತ್ತು ಓಡಾಡುವ ದಲ್ಲಾಳಿಗಳಿದ್ದಾರೆ. ಮಾಲೀಕರು ‘ನನಗೆ 70 ಲಕ್ಷ ಕೈಗೆ ಬರಲಿ, ಮೇಲಿನದು ನಿನ್ನದು’ ಎಂದಿದ್ದರೆ ಕೊಳ್ಳುವವರಿಗೆ ಹೇಳುವ ಬೆಲೆ 73 ಲಕ್ಷವಾಗುತ್ತದೆ. ಆ ಮೂರು ಲಕ್ಷ ಯಾವ ಕಾಗದದಲ್ಲೂ ಕಮಿಷನ್ ಎಂದು ಕಾಣಿಸಿಕೊಳ್ಳುವುದಿಲ್ಲ. ಕೊಳ್ಳುವವರ ಪರವಾಗಿಯೂ ಕೆಲಸ ಒಪ್ಪಿಕೊಂಡವರು ಅವರಿಗೆ ತಿಳಿಸದೆ ಹೀಗೆ ಗಳಿಸುವುದು ಕರಾರು ಕಾಯ್ದೆಯ ತತ್ವಕ್ಕೆ ವಿರುದ್ಧ. ಕೊನೆಯ ಸುತ್ತಿನ ಮಾತು ಮೂವರೂ ಕೂತು ಆಡಬೇಕು ಎಂದು ಆರಂಭದಲ್ಲೇ ಗೊತ್ತುಮಾಡಿಕೊಳ್ಳುವುದು ಇದಕ್ಕೆ ರೂಢಿಯ ಮದ್ದು.

ನಂತರ ‘ಟೋಕನ್’. ಮನೆಯನ್ನು ಬೇರೆಯವರಿಗೆ ತೋರಿಸದಿರಲು ಕೊಡುವ ಸಣ್ಣ ಮೊತ್ತವಿದು. ಇದನ್ನು ಮಾಲೀಕರ ಖಾತೆಗೆ ಕೊಡಬೇಕೇ ಹೊರತು ದಲ್ಲಾಳಿಯ ಕೈಗಲ್ಲ. ವ್ಯವಹಾರ ಮುರಿದರೆ ಹಿಂತಿರುಗಿಸುವ ಷರತ್ತನ್ನು ರಸೀದಿಯಲ್ಲಿ ಬರೆಸಬೇಕು. 2015ರ ಜೂನ್‌ನಿಂದ ಸ್ಥಿರಾಸ್ತಿ ವ್ಯವಹಾರದ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹೊಸ ಯೋಜನೆಗಳಲ್ಲಿ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣವನ್ನು ಮಾರಾಟದ ಕರಾರು ನೋಂದಣಿಯಾಗದೆ ಪ್ರವರ್ತಕ ಪಡೆಯುವಂತಿಲ್ಲ.

ಕ್ರಯದ ಕರಾರು, ಬ್ಯಾಂಕ್ ಸಾಲ, ಕ್ರಯಪತ್ರದ ನೋಂದಣಿ, ಖಾತಾ ಬದಲಾವಣೆ ಇವು ಮುಂದಿನ ಹಂತಗಳು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಮಯ ಗೊತ್ತುಪಡಿಸುವುದರಿಂದ ಹಿಡಿದು ಹೆಬ್ಬೆರಳಿನ ಗುರುತು, ಫೋಟೊ ಮುಗಿಯುವ ತನಕ ಅನುಭವಿ ದಲ್ಲಾಳಿ ಜತೆಗಿರುತ್ತಾರೆ. ಬೆಸ್ಕಾಂ ಮೀಟರಿನ ಹೆಸರು ಬದಲಾವಣೆ, ಅಪಾರ್ಟ್‌ಮೆಂಟ್ ಸಂಘದ ನಿರಾಕ್ಷೇಪಣಾ ಪತ್ರ ಮುಂತಾದ ಓಡಾಟವನ್ನೂ ಕಮಿಷನ್ ಒಳಗೇ ಮಾಡಿಕೊಡುವವರಿದ್ದಾರೆ. ಅದೂ ಮೊದಲೇ ಮಾತಾಗಿದ್ದರೆ ಒಳ್ಳೆಯದು.

ದಾಖಲೆಗಳು ಮತ್ತು ದಲ್ಲಾಳಿಯ ಮಿತಿ

‘ಕ್ಲಿಯರ್ ಟೈಟಲ್’ ಎಂಬ ಮಾತನ್ನು ಎಲ್ಲ ದಲ್ಲಾಳಿಗಳೂ ಹೇಳುತ್ತಾರೆ. ಒಡೆತನದ ಪರಿಶೀಲನೆ ಅವರ ಕೆಲಸವಲ್ಲ, ವಕೀಲರ ಕೆಲಸ. ದಲ್ಲಾಳಿ ಮಾಡಬಹುದಾದದ್ದು ದಾಖಲೆಗಳ ಪ್ರತಿಗಳನ್ನು ಬೇಗ ತರಿಸಿಕೊಡುವುದು. ಮೂಲಪತ್ರ, ಅದರಿಂದ ಇಂದಿನವರೆಗಿನ ಕ್ರಯಪತ್ರಗಳ ಸರಪಳಿ, ಋಣಭಾರ ಪತ್ರ, ಖಾತಾ, ಕಂದಾಯದ ರಸೀದಿ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ (ಓಸಿ) ಇವು ಸಾಮಾನ್ಯವಾಗಿ ಬೇಕಾಗುವವು. 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ವಿವರ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಹಳೆಯ ದಾಖಲೆ ತೆಗೆಸಬೇಕು.

ಋಣಭಾರ ಪತ್ರದಲ್ಲಿ ಕಾಣದ ತೊಡಕುಗಳೇ ಹೆಚ್ಚು ಅಪಾಯಕಾರಿ. ಮೊದಲನೆಯದು ‘ಹೆಣ್ಣುಮಕ್ಕಳ ಸಹಿ’. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ವಂಶವೃಕ್ಷ ಕೇಳಿದಾಗ ‘ಅಕ್ಕಂದಿರು ತಕರಾರು ಮಾಡೋಲ್ಲ ಬಿಡಿ ಸಾರ್’ ಎಂಬ ಉತ್ತರ ಬಂದರೆ, ಅದು ಮುಂದೊಂದು ದಿನ ಪಾಲಿನ ದಾವೆಯಾಗಿ ನ್ಯಾಯಾಲಯದಲ್ಲಿ ಎದುರಾಗಬಹುದು. ಎರಡನೆಯದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. ಅಂಥ ಜಮೀನನ್ನು ಅನುಮತಿ ಇಲ್ಲದೆ ಪರಭಾರೆ ಮಾಡಿದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ಅಸಿಂಧು. ಮರುವಶಕ್ಕೆ ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂಬ ತಿದ್ದುಪಡಿ 2023ರಲ್ಲಿ ಬಂದಿದೆ. ಮೂರನೆಯದು ಭೂಪರಿವರ್ತನೆ, ನಕ್ಷೆ ಅನುಮೋದನೆ ಇಲ್ಲದ ‘ರೆವಿನ್ಯೂ ಸೈಟು’. ಇದನ್ನು ಮಾರುವಾಗ ಕೇಳಿಬರುವ ‘ಬಿ ಖಾತಾ ಇದೆ, ಎ ಆಗುತ್ತೆ’ ಎಂಬ ಮಾತು ಭವಿಷ್ಯವಾಣಿ, ದಾಖಲೆಯಲ್ಲ.

ಓಸಿ ಇಲ್ಲದ ಫ್ಲ್ಯಾಟುಗಳ ವಿಷಯ 2024ರ ಡಿಸೆಂಬರ್ ನಂತರ ಬಿಗಿಯಾಗಿದೆ. ಓಸಿ ಅಥವಾ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳು ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ನಿರ್ದೇಶಿಸಿದ್ದು ಇದಕ್ಕೆ ಕಾರಣ. ಅಳತೆಯ ಮಾತಿನಲ್ಲೂ ಎಚ್ಚರ ಬೇಕು. ರೇರಾ ಒಪ್ಪುವ ಅಳತೆ ಕಾರ್ಪೆಟ್ ಏರಿಯಾ, ಅಂದರೆ ಗೋಡೆಯೊಳಗೆ ಬಳಸಲು ಸಿಗುವ ಜಾಗ. ದಲ್ಲಾಳಿಗಳು ಇಂದಿಗೂ ಹೇಳುವುದು ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲೂ ಸೇರಿದ ಸೂಪರ್ ಬಿಲ್ಟಪ್ ಏರಿಯಾ.

ಕಮಿಷನ್

ಮನೆ ಮಾರಾಟದ ದಲ್ಲಾಳಿಗೆ ಇಷ್ಟೇ ಎಂದು ಕರ್ನಾಟಕದಲ್ಲಿ ಯಾವ ಕಾನೂನೂ ದರ ಗೊತ್ತುಪಡಿಸಿಲ್ಲ. ಮರುಮಾರಾಟದಲ್ಲಿ ಪ್ರತಿ ಕಡೆಯಿಂದ ಶೇ 1ರಿಂದ 2 ಎಂಬುದು ಬೆಂಗಳೂರಿನ ವಾಡಿಕೆ. ದೊಡ್ಡ ಮೊತ್ತಕ್ಕೆ ದರ ಇಳಿಯುತ್ತದೆ, ಮಾತಾಡಿದರೆ ಇನ್ನೂ ಇಳಿಯುತ್ತದೆ.

80 ಲಕ್ಷ ರೂಪಾಯಿಗೆ ಮರುಮಾರಾಟವಾಗುವ ಫ್ಲ್ಯಾಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಶೇ 2ರಂತೆ ಕಮಿಷನ್ 1,60,000 ರೂಪಾಯಿ. ದಲ್ಲಾಳಿ ಜಿಎಸ್‌ಟಿ ನೋಂದಣಿ ಹೊಂದಿದ್ದರೆ ಅದರ ಮೇಲೆ ಶೇ 18, ಅಂದರೆ 28,800 ರೂಪಾಯಿ. ಮುದ್ರಾಂಕ ಶುಲ್ಕ ಶೇ 5ರಂತೆ 4 ಲಕ್ಷ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ 48,000, ನೋಂದಣಿ ಶುಲ್ಕ 1,60,000. ಈ ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟಿನಲ್ಲಿ ಬೆಲೆಯ ಮೇಲೆ ಸರ್ಕಾರಕ್ಕೆ 6,08,000, ದಲ್ಲಾಳಿಗೆ 1,88,800 ರೂಪಾಯಿ. 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯಾದ್ದರಿಂದ ಕೊಳ್ಳುವವರು ಶೇ 1, ಅಂದರೆ 80,000 ರೂಪಾಯಿಯನ್ನು ಮಾರುವವರ ಹಣದಲ್ಲೇ ಮುರಿದುಕೊಂಡು ಆದಾಯ ತೆರಿಗೆಗೆ ಕಟ್ಟಬೇಕು. ಮಾರುವವರು ಅನಿವಾಸಿ ಭಾರತೀಯರಾದರೆ ಈ ಶೇ 1ರ ನಿಯಮ ಅನ್ವಯಿಸುವುದಿಲ್ಲ, ಮುರಿಯಬೇಕಾದ ತೆರಿಗೆ ಬಹಳ ಹೆಚ್ಚು. ಮಾಲೀಕರು ಹೊರದೇಶದಲ್ಲಿದ್ದು ಅಧಿಕಾರಪತ್ರದ ಮೇಲೆ ಮನೆ ಮಾರುವುದು ಬೆಂಗಳೂರಿನಲ್ಲಿ ಅಪರೂಪವಲ್ಲವಾದ್ದರಿಂದ, ಮಾಲೀಕರ ವಾಸದ ದೇಶವನ್ನು ದಲ್ಲಾಳಿಯಿಂದ ಮೊದಲೇ ಕೇಳಿ ತಿಳಿಯಬೇಕಾಗುತ್ತದೆ.

ಕಮಿಷನ್ ಎಷ್ಟು, ಯಾವಾಗ, ಜಿಎಸ್‌ಟಿ ಸೇರಿದೆಯೇ, ವ್ಯವಹಾರ ಮುರಿದರೆ ಏನು ಎಂಬ ನಾಲ್ಕು ಸಾಲುಗಳ ಬರಹ ಜಗಳಗಳನ್ನು ತಪ್ಪಿಸುತ್ತದೆ. ಅರ್ಧ ಕರಾರಿನ ದಿನ, ಉಳಿದರ್ಧ ನೋಂದಣಿಯ ದಿನ ಎಂಬ ಹಂಚಿಕೆಯೂ ಬಳಕೆಯಲ್ಲಿದೆ.

ವಿವಾದ ಮತ್ತು ಪರಿಹಾರ

ನೋಂದಾಯಿತ ಯೋಜನೆಯ ವಿಷಯದಲ್ಲಿ ಪ್ರವರ್ತಕರ ಮೇಲಷ್ಟೇ ಅಲ್ಲ, ಏಜೆಂಟರ ಮೇಲೂ ರೇರಾದ 31ನೇ ಕಲಂ ಪ್ರಕಾರ ದೂರು ಕೊಡಬಹುದು. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ನೋಂದಣಿ ರದ್ದಾಗಬಹುದು. ಮರುಮಾರಾಟದಲ್ಲಿ ಹಣ ಪಡೆದು ಸೇವೆಯಲ್ಲಿ ಲೋಪ ಮಾಡಿದರೆ ಗ್ರಾಹಕರ ಆಯೋಗ, ಕಮಿಷನ್ ಲೆಕ್ಕದ ವ್ಯಾಜ್ಯಕ್ಕೆ ಸಿವಿಲ್ ನ್ಯಾಯಾಲಯ, ಮುಂಗಡ ನುಂಗಿದರೆ ಪೊಲೀಸ್ ದೂರು ಇವೆ. ಎಲ್ಲೆಡೆಯೂ ಮೊದಲು ಕೇಳುವುದು ಬರಹದ ಪುರಾವೆಯನ್ನು. ಬಾಯಿಮಾತಿನ ವ್ಯವಹಾರವೇ ಹೆಚ್ಚಾದ ಈ ಕ್ಷೇತ್ರದಲ್ಲಿ ಫೋನಿನ ಸಂದೇಶಗಳು ಮತ್ತು ಬ್ಯಾಂಕ್ ವರ್ಗಾವಣೆಯ ವಿವರಗಳೇ ಎಷ್ಟೋ ಸಲ ಉಳಿದ ಸಾಕ್ಷ್ಯ.

ಹೊರದೇಶಗಳಲ್ಲಿ

ಒಬ್ಬರೇ ಎರಡೂ ಕಡೆ ನಿಲ್ಲುವ ಪದ್ಧತಿಯನ್ನು ಸಿಂಗಪುರ 2010ರ ಕಾನೂನಿನಡಿ ನಿಷೇಧಿಸಿದೆ. ಬ್ರಿಟನ್ನಿನಲ್ಲಿ ಏಜೆಂಟ್ ಸಾಮಾನ್ಯವಾಗಿ ಮಾರುವವರ ಪರ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಅಮೆರಿಕದಲ್ಲಿ ಇಬ್ಬರಿಗೂ ಬೇರೆ ಬೇರೆ ಏಜೆಂಟರಿರುತ್ತಾರೆ. ಅಲ್ಲಿ ಒಟ್ಟು ಶೇ 5ರಿಂದ 6ರಷ್ಟಿದ್ದ ಕಮಿಷನ್ ಅನ್ನು ಮಾರುವವರೇ ಕೊಟ್ಟು, ಅದರಲ್ಲಿ ಕೊಳ್ಳುವವರ ಏಜೆಂಟರಿಗೂ ಪಾಲು ಹೋಗುವುದು ದೀರ್ಘಕಾಲದ ರೂಢಿಯಾಗಿತ್ತು. 2023ರ ಅಕ್ಟೋಬರ್‌ನಲ್ಲಿ ಮಿಸೌರಿಯ ಜ್ಯೂರಿಯೊಂದು ಇದರ ವಿರುದ್ಧ ತೀರ್ಪಿತ್ತ ಮೇಲೆ, ಏಜೆಂಟರ ರಾಷ್ಟ್ರೀಯ ಸಂಘ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. 2024ರ ಆಗಸ್ಟ್ 17ರಿಂದ ಆ ಸಂಘದ ವ್ಯವಸ್ಥೆಗೆ ಸೇರಿದ ಏಜೆಂಟರು ಮನೆ ತೋರಿಸುವ ಮುನ್ನವೇ ಕೊಳ್ಳುವವರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು.

ಇಂದಿನ ಸ್ಥಿತಿ

ದಾಖಲೆಗಳು ಗಣಕಕ್ಕೆ ಬಂದದ್ದು ದಲ್ಲಾಳಿಯ ಹಳೆಯ ಬಂಡವಾಳವನ್ನು ಕರಗಿಸಿದೆ. ಪಹಣಿ ‘ಭೂಮಿ’ಯಲ್ಲಿ, ಋಣಭಾರ ‘ಕಾವೇರಿ’ಯಲ್ಲಿ, ಗ್ರಾಮ ಪಂಚಾಯಿತಿ ಆಸ್ತಿಯ ವಿವರ ‘ಇ-ಸ್ವತ್ತಿ’ನಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದಿವೆ. ಇದರಿಂದ ದಲ್ಲಾಳಿಗೆ ಕೆಲಸ ಕಡಿಮೆಯಾಗಿಲ್ಲ, ಕೆಲಸದ ಸ್ವರೂಪ ಬದಲಾಗಿದೆ. ಮನೆ ಹುಡುಕಿಕೊಡುವುದರ ಜತೆಗೆ ಇ-ಖಾತಾ ಅರ್ಜಿ, ಹೆಸರಿನ ತಿದ್ದುಪಡಿಗಳ ಓಡಾಟ ಕೂಡ ಈಗ ಅವರ ಸೇವೆಯ ಪಟ್ಟಿಗೆ ಸೇರಿದೆ.

ವೃತ್ತಿ ಶಿಕ್ಷಣದ ದಿಕ್ಕಿನಲ್ಲಿ ಮಹಾರಾಷ್ಟ್ರ ಮುಂದಿದೆ. ಅಲ್ಲಿನ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. 2008ರಲ್ಲಿ ಸ್ಥಾಪನೆಯಾದ ನಾರ್-ಇಂಡಿಯಾ ಎಂಬ ದೇಶಮಟ್ಟದ ದಲ್ಲಾಳಿಗಳ ಒಕ್ಕೂಟವೂ ಇದೆ. ಇಂಥ ಒಕ್ಕೂಟಕ್ಕೆ ಸೇರುವುದು ದಲ್ಲಾಳಿಯ ಇಷ್ಟಕ್ಕೆ ಬಿಟ್ಟದ್ದು. ಹೊಸ ಯೋಜನೆಗಳ ಮಾರಾಟ ಪ್ರಾಧಿಕಾರದ ಕಣ್ಣಳತೆಗೆ ಬಂದಿದೆ. ಹಳೆಯ ಮನೆ ಕೊಳ್ಳುವವರಿಗೂ ಅದನ್ನು ತೋರಿಸುವ ದಲ್ಲಾಳಿಗೂ ನಡುವಿನ ಲೆಕ್ಕ ಇಂದಿಗೂ ನಿಂತಿರುವುದು 1872ರ ಕರಾರು ಕಾಯ್ದೆಯ ಮೇಲೆ.